ಇಪ್ಪತ್ತರ ಎಲೆ

ಅಕ್ಕಾ, ಸುಖವಾಗಿ ತಲುಪಿದೆ; ಇನ್ನು ನನ್ನ ಚಿಂತೆ ಬಿಟ್ಟು ಭಾವನನ್ನು ಬೈಯಲು ಶುರುಮಾಡು. ಸಾಫ್ಟ್‌ವೇರ್ ತಂಡಗಳು ಹೇಗೆ ದುಡಿಯುತ್ತವೆಂದು ಸಂಶೋಧನೆಗೆ ಬಂದವಳಿಗೆ ಇಲ್ಲಿ ಕಂಡದ್ದು ಇಸ್ಪೀಟು! ಗಾಬರಿಯಾಗಬೇಡ, ಜೂಜಲ್ಲ. ಒಂದು ಕೆಲಸಕ್ಕೆ ಎಷ್ಟು ದಿನ ಬೇಕೆಂದು ಒಬ್ಬೊಬ್ಬರೂ ಅಂಕಿಯ ಎಲೆ ಆರಿಸಿ, ಎಲ್ಲರೂ ಒಟ್ಟಿಗೇ ತೋರಿಸುತ್ತಾರೆ. ದೊಡ್ಡವರ ಮುಖ ನೋಡಿ ಹೂಂಗುಟ್ಟುವ ಹಾಗಿಲ್ಲ.

ನಿನ್ನೆಯದು ಆಸ್ಪತ್ರೆಯೊಂದಕ್ಕೆ ಔಷಧಿ ಚೀಟಿ ಬರೆಯುವ ಹೊಸ ಸಾಫ್ಟ್‌ವೇರ್. ಆರು ಜನ ಮೂರರ ಎಲೆ ಎತ್ತಿದರು. ತಪ್ಪು ಹುಡುಕುವ ಕೆಲಸದ ಹೆಂಗಸು, ಇವರ ಬಾಯಲ್ಲಿ 'ಮೌನಿ', ಇಪ್ಪತ್ತು ಎತ್ತಿದಳು. ಎಲ್ಲರೂ ಗೊಳ್ಳೆಂದು ನಕ್ಕರು.

"ಯಾಕ್ರೀ, ನಡುವೆ ನಿದ್ದೆ ಮಾಡ್ತೀರಾ?" ಎಂದ ತಂಡದ ಮುಖ್ಯಸ್ಥ.

"ಯಾವ ರೋಗಿಗೆ ಯಾವ ಔಷಧಿ ಒಗ್ಗಲ್ಲ ಅನ್ನೋ ಪಟ್ಟಿ ಹಳೇ ಸಾಫ್ಟ್‌ವೇರಲ್ಲೇ ಇದೆ. ಅದನ್ನ ಇದಕ್ಕೆ ಯಾರು ತರ್ತಾರೆ ಸಾರ್?"

ಮತ್ತೆ ಎಲೆ ಆರಿಸಿದರು. ಎರಡನೇ ಸಲ ಮುಖ್ಯಸ್ಥನೇ ಇಪ್ಪತ್ತು ಎತ್ತಿದ. ಆಮೇಲೆ ನಾನು ಹೋಗಿ ಅವಳಿಗೆ ಶಭಾಷ್ ಎಂದೆ.

"ನೀವೂ ನಿಮ್ಮ ಅಂದಾಜು ಪುಸ್ತಕದಲ್ಲಿ ಮೂರು ಅಂತಲೇ ಬರ್ಕೊಂಡ್ರಿ ಮೇಡಂ, ನೋಡ್ದೆ," ಎಂದಳು.

ಹೊರಡುವಾಗ ಇದ್ದ ಮಂಡಿನೋವು ಈಗಿಲ್ಲ, ಉಳುಕಿರುವುದು ಜಂಬ ಮಾತ್ರ. ಅಂಚೆ ಕಾರ್ಡ್ ತುಂಬಿತು.

ನಿನ್ನ ತಂಗಿ