ಚಿಮಣಿಯ ಬಾಯಿಗೆ ಮುಚ್ಚಳ

ಜುಲೈ ೩, ಬೆಳಿಗ್ಗೆ

ಹಾಲು ಬಂತು. ಮೂಗಿನ ಹತ್ತಿರ ಹಿಡಿದು ನೋಡಿ ಒಳಗಿಟ್ಟೆ. ಸೊಸೆ ನೋಡುತ್ತಿದ್ದಳು, ಅದಕ್ಕೆ.

ಮತ್ತೆ ಅದೇ ರಾಗ. ಹಾಲ್‌ನ ಚಿಮಣಿ ನಾರುತ್ತಂತೆ. ಒದ್ದೆ ಮಸಿಯಂತೆ, ಸುಟ್ಟ ಕೂದಲಂತೆ. "ನಿಮಗೆ ಬರಲ್ವಾ ಅತ್ತೆ?" ಅಂದಳು. "ಮಳೆಗಾಲದಲ್ಲಿ ಯಾವ ಮನೆ ನಾರಲ್ಲ?" ಅಂದೆ. ಮೂಗು ಮುರಿದು, ಕಿಟಕಿಗಳನ್ನೆಲ್ಲ ಮುಚ್ಚಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದಳು. ಮಗ ಹಾಲ್‌ನಿಂದಲೇ ಕೂಗಿದ — "ಈಗ ಇನ್ನೂ ಜಾಸ್ತಿ ಆಯ್ತು ಕಣೇ!"

ನನಗೆ ಏನೂ ಬರುವುದಿಲ್ಲ. ಹೋದ ವರ್ಷದ ಜ್ವರದಲ್ಲಿ ಮೂಗು ಸತ್ತಿತು. ಮಲ್ಲಿಗೆಯೂ ಒಂದೇ, ಫಿನಾಯಿಲೂ ಒಂದೇ. ಯಾರಿಗೂ ಹೇಳಿಲ್ಲ. ಮುಂದಿನ ತಿಂಗಳು ಸೊಸೆ ಆಫೀಸಿಗೆ ವಾಪಸ್. ಪುಟ್ಟಿ ದಿನವಿಡೀ ನನ್ನ ಹತ್ತಿರ. ಹಟ ಹಿಡಿದು ಗೆದ್ದದ್ದು ಇದು. ಗ್ಯಾಸ್ ಸೋರಿದರೂ ತಿಳಿಯದ ಮುದುಕಿಯ ಕೈಗೆ ಯಾರು ಮಗು ಕೊಡುತ್ತಾರೆ? ಬೇಬಿ ಸಿಟ್ಟಿಂಗಿಗೆ ಹಾಕುತ್ತಾರೆ. ಮೊಮ್ಮಗಳು ಬೇರೆಯವರ ಚಾಪೆಯ ಮೇಲೆ ಬೆಳೆಯಬೇಕು. ನಾನು ಇರುವಾಗ.

ಜುಲೈ ೬, ಮಧ್ಯಾಹ್ನ

ಬಟಾಣಿ ಸುಲಿಯುತ್ತ ಹಾಲ್‌ನಲ್ಲಿ ಕೂತಿದ್ದೆ. ಚುಟ್ಟದ ವಾಸನೆ ಬಂತು.

ಬಂತು. ನನ್ನ ಮೂಗಿಗೆ.

ಇವರ ಚುಟ್ಟ. ಬೇರೆ ಯಾರದೂ ಅಲ್ಲ. ಮನೆಯೊಳಗೆ ಸೇದಕೂಡದು ಅಂತ ನನ್ನ ಕಟ್ಟಪ್ಪಣೆ ಇತ್ತು. ಹೊರಗೆ ಚಳಿ ಅಂತ ಇವರು ಆರಿದ ಬೆಂಕಿಗೂಡಿನೊಳಗೆ ತಲೆ ತೂರಿಸಿ ಹೊಗೆಯನ್ನು ಚಿಮಣಿಗೆ ಊದುತ್ತಿದ್ದರು. "ಹೊಗೆ ನಿನ್ನ ಮನೇಲಿಲ್ಲ ಮಾರಾಯ್ತಿ, ಆಕಾಶದಲ್ಲಿದೆ." ಕೂದಲು ತುಂಬ ಮಸಿ, ಮುಖ ತುಂಬ ನಗು. ಹೋಗಿ ಐದು ವರ್ಷವಾಯಿತು.

ವಾಸನೆ ಅಡುಗೆಮನೆಯ ಕಡೆ ಸರಿಯಿತು. ಬೈಯುತ್ತ ಹಿಂದೆಯೇ ಹೋದೆ, ಹಿಂದಿನ ಅಭ್ಯಾಸ. ಗ್ಯಾಸ್ ಒಲೆಯ ಗುಂಡಿ ತಿರುಗಿಸಿಯೇ ಇತ್ತು. ಉರಿ ಇಲ್ಲ. ಸುಂಯ್ ಅಂತ ಸದ್ದು. ನಾನೇ ಇಟ್ಟು ಮರೆತದ್ದು — ಗಾಳಿಗೆ ಆರಿರಬೇಕು.

ಗುಂಡಿ ಬಂದ್ ಮಾಡಿದೆ. ಕಿಟಕಿಗಳನ್ನೆಲ್ಲ ತೆಗೆದೆ. ತಾಯಿ ಮಗಳು ಮನೆಗೆ ಬರುವಷ್ಟರಲ್ಲಿ ಬಟಾಣಿ ಪೂರ್ತಿ ಸುಲಿದಿದ್ದೆ.

ಜುಲೈ ೭

ಪುಟ್ಟಿಯನ್ನು ಬೆಂಕಿಗೂಡಿನ ಎದುರು ನಿಲ್ಲಿಸಿ ಕೇಳಿದೆ — ತಾತನ ವಾಸನೆ ಬರುತ್ತಾ? "ಇಲ್ಲ ಅಜ್ಜಿ. ಕಾಗೆ ವಾಸನೆ."

ನನಗೆ ಕಾಗೆಯೂ ಇಲ್ಲ, ತಾತನೂ ಇಲ್ಲ. ಇವತ್ತು ಬರಲೇ ಇಲ್ಲ. ಮೂರು ಸಲ ಹೋಗಿ ಕೂತೆ.

ಜುಲೈ ೧೫

ಚಿಮಣಿ ತೊಳೆಯುವವನು ಬಂದ. ಕೈಗಿಂತ ಬಾಯಿ ಜೋರು. ಬುಟ್ಟಿಗಟ್ಟಲೆ ಮಸಿ, ಒಂದು ಗೂಡು, ಒಣಗಿ ಕಡ್ಡಿಯಾದ ಹಕ್ಕಿ. "ಅಬ್ಬಬ್ಬಾ! ಅಮ್ಮಾ, ಇದರ ಪಕ್ಕದಲ್ಲಿ ಕೂತು ಊಟ ಮಾಡ್ತಿದ್ರಾ? ಮೂಗಿಗೇನು ರಜೆ ಕೊಟ್ಟಿದ್ದೀರಾ?"

ಸೊಸೆ ಥಟ್ಟನೆ ನನ್ನ ಮುಖ ನೋಡಿದಳು.

"ನಿನ್ನ ಬಾಯಿಗೂ ಒಂದು ದಿನ ರಜೆ ಕೊಡಪ್ಪ" ಅಂದೆ. ಎಲ್ಲರೂ ನಕ್ಕರು. ಸೊಸೆ ಕೊನೆಯಲ್ಲಿ ನಕ್ಕಳು.

ಬರೀ ತೊಳೆದರೆ ಸಾಲದಂತೆ. ಕಿಟಕಿ ಮುಚ್ಚಿ ಫ್ಯಾನ್ ಹಾಕಿದರೆ ಮನೆ ಚಿಮಣಿಯಿಂದಲೇ ಉಸಿರೆಳೆಯುತ್ತಂತೆ. ಬೆಂಕಿ ಹಾಕುವುದು ಹೇಗೂ ನಿಲ್ಲಿಸಿದ್ದೀರಲ್ಲ, ಮೇಲೆ ಗಟ್ಟಿ ಮುಚ್ಚಳ ಕೂರಿಸಿಬಿಡಿ ಅಂದ.

"ಬೇಡ" ಅಂದೆ.

"ಯಾಕಮ್ಮ?" ಅಂದ ಮಗ.

"ನಿಮ್ಮಪ್ಪ ಕಟ್ಟಿಸಿದ್ದು."

"ಅಪ್ಪ ಕಟ್ಟಿಸಿದ್ದು ಹೊಗೆ ಹೋಗಲಿ ಅಂತ. ನಾತ ಬರಲಿ ಅಂತ ಅಲ್ಲವಲ್ಲ."

ಸೊಸೆ ಮೆಲ್ಲಗೆ — "ಪುಟ್ಟಿ ಕೆಮ್ಮುತ್ತಾಳೆ ಅತ್ತೆ. ಹೀಗೇ ಇದ್ದರೆ ಅವಳನ್ನ ಇಲ್ಲಿ ಬಿಟ್ಟು ಹೋಗೋದು ಹೇಗೆ?"

ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಅಂತ ಹೇಳಿದರೆ ಒಲೆಯ ಕಥೆ ಹೇಳಬೇಕು. ಅದನ್ನು ಹೇಳಿದರೆ ಮಗು ಹೋಗುತ್ತದೆ. ಹಾಕಿಸಿ ಅಂದೆ.

ಜುಲೈ ೨೦

ಚಾವಣಿ ಮೇಲೆ ಸುತ್ತಿಗೆಯ ಪೆಟ್ಟು. ಬೆಂಕಿಗೂಡಿನೊಳಗೆ ತಲೆ ತೂರಿಸಿ ಮೇಲೆ ನೋಡಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಬಿಲ್ಲೆಯಷ್ಟು ಬೆಳಕಿತ್ತು. ಅರ್ಧವಾಯಿತು. ಹೋಯಿತು.

"ಇನ್ನು ಹೊರಗೇ ಸೇದಿ" ಅಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದೆನೇನೋ. ಸೊಸೆ ಬಾಗಿಲಲ್ಲಿ ನಿಂತಿದ್ದಳು. ನನ್ನ ಕೂದಲಿನ ಮಸಿ ಒರೆಸಿದಳು.

ಆಗಸ್ಟ್ ೪, ಬೆಳಿಗ್ಗೆ

ಸೊಸೆಯ ಆಫೀಸು ಶುರು. ಚಪ್ಪಲಿ ಹಾಕಿಕೊಂಡವಳು ನಿಂತಳು. "ಅತ್ತೆ, ನನಗೆ ಏನಾದರೂ ಹೇಳೋದಿದೆಯಾ? ಏನೇ ಇದ್ದರೂ ಪರವಾಗಿಲ್ಲ. ಬೇಕಾದರೆ ಇವತ್ತೂ ರಜೆ ಹಾಕ್ತೀನಿ."

ನಾಲಗೆಯ ತುದಿಗೆ ಬಂದಿತ್ತು.

"ಹೊತ್ತಾಯ್ತು, ಹೊರಡು" ಅಂದೆ. "ನಾನೇನು ಮಗು ಸಾಕದವಳಾ?"

ಹೋದಳು. ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡಿದಳು.

ಅದೇ ದಿನ, ಹನ್ನೊಂದು ಗಂಟೆ

ಮಳೆ ಬಿಡುತ್ತಿಲ್ಲ. ಎರಚಲು ಅಂತ ಕಿಟಕಿ ಮುಚ್ಚಿದ್ದೇನೆ. ಪುಟ್ಟಿ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ನೀಲಿ ಹೊದಿಕೆ, ಬಾಯಲ್ಲಿ ಬೆರಳು. ಎದ್ದ ತಕ್ಷಣ ಕೇಳುತ್ತಾಳೆ ಅಂತ ಹಾಲು ಕಾಯಲು ಇಟ್ಟು ಬಂದು ಕೂತಿದ್ದೇನೆ. ಮನೆ ನಿಶ್ಶಬ್ದ. ನಾತ ಇಲ್ಲ ಅಂತ ಎಲ್ಲರಿಗೂ ನೆಮ್ಮದಿ. ಬೇಬಿ ಸಿಟ್ಟಿಂಗಂತೆ… ಮನೆಯ ಹಿರಿಯಳು ಗಟ್ಟಿಮುಟ್ಟಾಗಿ ಕೂತಿರುವಾಗ

ಚುಟ್ಟ.

ಮೇಲೆ ಮುಚ್ಚಳವಿದೆ. ಆದರೂ. ಹೋದ ಸಲ ಇಷ್ಟು ಗಾಢವಾಗಿ ಇರಲಿಲ್ಲ — ಹೆಗಲ ಹಿಂದೆ ನಿಂತು ಕಿವಿಗೆ ಊದಿದ ಹಾಗೆ. ಎಷ್ಟು ಸಲ ಹೇಳಿದ್ದೆ, ಮನೆಯೊಳಗೆ ಸೇದಬೇಡಿ, ಮಗು ಮಲಗಿದೆ, ಒಲೆ ಮೇಲೆ ಹಾಲಿಟ್ಟಿದ್ದೇ