ಬಂಪರಿನ ಬಿರುಕು

ಜುಲೈ ೧೪, ಭಾನುವಾರ. ಮೊಂಟಾನಾ.

ಇದನ್ನು ಇಲ್ಲಿಯೂ ಬರೆಯದೆ ಮಲಗಿಬಿಡುವುದರಲ್ಲಿದ್ದೆ: ನಮ್ಮ ಪ್ರವಾಸದ ಮನೆ-ಟ್ರೇಲರಿನ ಹಿಂದಿನ ಬಂಪರಿನ ಬೆಸುಗೆಯಲ್ಲಿ ಬಿರುಕು ಬಿಟ್ಟದ್ದನ್ನು ನಾನು ಬೆಳಿಗ್ಗೆಯೇ ನೋಡಿದ್ದೆ. ಕೊಳೆನೀರಿನ ಪೈಪು ತುರುಕಿಡುವ ತೆಳು ತಗಡಿನ ಕೊಳವೆ ಅದು. ಅದಕ್ಕೆ ಸಿಕ್ಕಿಸಿದ ಸ್ಟ್ಯಾಂಡಿನ ಮೇಲೆ ನಾಲ್ಕು ಸೈಕಲ್. ಇನ್ನೊಂದು ಪಟ್ಟಿ ಬಿಗಿದು ಸುಮ್ಮನಾದೆ.

ಘಾಟಿ ಇಳಿಯುವಾಗ ಹಿಂದೆ ಮೋಟಾರ್‌ಬೈಕಿನಲ್ಲಿ ಬರುತ್ತಿದ್ದವಳು ಒಂದೇ ಸಮನೆ ಹಾರ್ನ್ ಹೊಡೆದಳು. ನಿಲ್ಲಿಸಿ ನೋಡಿದರೆ ಬಂಪರ್ ಒಂದು ಕಡೆ ಕಿತ್ತುಬಂದು, ಸೈಕಲ್‌ಗಳು ನೆಲದಿಂದ ಗೇಣಷ್ಟೇ ಮೇಲೆ ನೇತಾಡುತ್ತಿದ್ದವು.

"ಇನ್ನೊಂದು ತಿರುವು ಇದ್ದಿದ್ರೆ ಅವು ನನ್ನ ಮುಖದ ಮೇಲಿರ್ತಿದ್ವು ಕಣಮ್ಮಾ!" ಅವಳು ಹೆಲ್ಮೆಟ್ ಕಿತ್ತು ಕೂಗಿದಳು.

"ನಿನ್ನ ತಪ್ಪೇನಿಲ್ಲ ಬಿಡೇ, ರಸ್ತೆನೇ ಹಾಳು," ಎಂದ ನನ್ನ ಗಂಡ ಲೋರನ್. ನಾನು ಹೂಂಗುಟ್ಟಿದೆ.

ಸಂಜೆ ಕ್ಯಾಂಪಿನಲ್ಲಿ ಪಕ್ಕದ ಟ್ರೇಲರಿನ ವರ್ನಾ ಬಂದಳು. "ನಮ್ಮ ಟ್ರೇಲರ್ ಕ್ಲಬ್ಬಿನ ಪತ್ರಿಕೇಲಿ ನೀನು ಬರೆದಿದ್ದು ಓದೇ ನಾನೂ ಬಂಪರಿಗೆ ಸೈಕಲ್ ಸ್ಟ್ಯಾಂಡ್ ಹಾಕಿಸ್ದೆ. ನಿನ್ನದೇ ಉಪದೇಶ, ತಾಯಿ!"

ಅವಳ ಸೈಕಲ್‌ಗಳನ್ನು ನಾನೇ ಇಳಿಸಿದೆ. ಬಂಪರ್ ತಡೆಯುವುದಿಲ್ಲ ಎಂದೆ. ಬಿರುಕಿನ ಮಾತು ಮಾತ್ರ ಬಾಯಿಗೆ ಬರಲಿಲ್ಲ.

ನನ್ನ ಮಾತು ನಂಬಿ ಇನ್ನೆಷ್ಟು ಜನ ಹೊರಟಿದ್ದಾರೋ. ಪತ್ರಿಕೆಗೆ ತಿದ್ದುಪಡಿ ಬರೆದೆ. 'ಬಿರುಕು ಕಂಡೂ ಹೊರಟೆ' ಎಂಬ ಸಾಲನ್ನು ಎರಡು ಸಲ ಹೊಡೆದುಹಾಕಿ, ಮೂರನೆಯ ಸಲ ಉಳಿಸಿಕೊಂಡೆ. ಲೋರನ್ ಏಳುವ ಮೊದಲೇ ಅಂಚೆಗೆ ಹಾಕಬೇಕು. ಇಲ್ಲ, ಅವನಿಗೆ ಓದಿಸಿಯೇ ಹಾಕುತ್ತೇನೆ. ನಾಳೆ, ಜುಲೈ ೧೫.