ಗೊರೇಬಾಳದಲ್ಲಿ ನಾನು ಹೇಳಿದ ಸಾಕ್ಷಿ

ಲಿಂಗಸುಗೂರು,
20 ನವೆಂಬರ್ 2024

ಪ್ರೀತಿಯ ಅವ್ವ,

ನಿನ್ನ ಶಲೋಮಿಯ ವಂದನೆಗಳು. ನೀನು ಫೋನ್ ಮಾಡಿದಾಗಲೆಲ್ಲ "ಕ್ಲಾಸ್ ಐತಿ, ಆಮ್ಯಾಲ ಮಾಡ್ತೀನಿ" ಎಂದು ಕಟ್ ಮಾಡಿದ್ದಕ್ಕೆ ಕ್ಷಮಿಸು. ಕ್ಲಾಸ್ ಇರಲಿಲ್ಲ. ಹತ್ತು ದಿನದಿಂದ ನಿನ್ನ ದನಿ ಕೇಳಲು ಹೆದರಿಕೆ. ಫೋನಿನಲ್ಲಾದರೆ ಹೇಗಾದರೂ ಮಾಡಿ ನಾನೇ ಒಳ್ಳೆಯವಳೆಂದು ತೋರಿಸಿಕೊಂಡುಬಿಡುತ್ತೇನೆ. ಅದಕ್ಕೇ ಈ ಕಾಗದ. ನೀನು ಬೈಬಲ್ ಓದುತ್ತಲೇ ಅಕ್ಷರ ಕಲಿತವಳು. ನಿನಗೆ ತೊಡಕಾಗಬಾರದೆಂದು ದುಂಡಗೆ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ನಗಬೇಡ. ಹಾಸ್ಟೆಲ್ ಸಿಸ್ಟರ್‌ಗಳು ಹತ್ತು ವರ್ಷ ಇಂಗ್ಲಿಷಿನಲ್ಲೇ ಬೈದು ಬೆಳೆಸಿದ್ದಾರೆ.

ಆರೋಗ್ಯ ಪರವಾಗಿಲ್ಲ. ಇಂಟರ್ನಲ್ಸ್‌ನಲ್ಲಿ ಎರಡು ಸಬ್ಜೆಕ್ಟ್ ಸುಮಾರು. ಊಟ ಸೇರುತ್ತಿಲ್ಲ.

ದೀಪಾವಳಿ ರಜೆಯಲ್ಲಿ ನಮ್ಮ ಯೂತ್ ಫೆಲೋಶಿಪ್‌ನವರು ಮೂರು ದಿನದ ಟ್ರಿಪ್ ಹೋಗಿದ್ದೆವಲ್ಲ, ನಿನಗೆ ಬರೀ ಫೋಟೊ ಕಳಿಸಿದ್ದೆ. ಒಂದು ಕ್ರೂಸರ್‌ನಲ್ಲಿ ಒಂಬತ್ತು ಜನ. ಡ್ರೈವರ್ ಸಿಂಧನೂರಿನ ಜುಲ್ಫಿಕರ್ ಅಣ್ಣ. ನನ್ನ ರೂಮ್‌ಮೇಟ್ ಅಂಬಿಕಾ ಕಿಟಕಿ ಸೀಟು ಹಿಡಿದವಳು ಕೊನೆಯವರೆಗೂ ಬಿಡಲಿಲ್ಲ. ಮುಂದಾಳು ಜೀವನ್ ಅಣ್ಣ, ಬಿ.ಎಡ್. ಓದುತ್ತಿದ್ದಾನೆ, ಅವನು ಹಾಡಿದರೆ ಜನ ಅಳುತ್ತಾರೆ. ದೇವರು ನಮ್ಮ ಬಾಳಿನಲ್ಲಿ ಏನು ಮಾಡಿದ ಎಂದು ಹೋದಲ್ಲೆಲ್ಲ ಸಾಕ್ಷಿ ಹೇಳಬೇಕಿತ್ತು. ಹತ್ತು ಜನರ ಮುಂದೆ ನಿಂತರೆ ನನ್ನ ಅಂಗೈ ಬೆವರುತ್ತದೆ, ನಿನಗೆ ಗೊತ್ತು. ಹೇಳಲು ನನ್ನ ಬಳಿ ಇದ್ದದ್ದು ಒಂದೇ, ನಿನ್ನ ಫಿಟ್ಸ್. ಊರಲ್ಲಿ ನೀನು ಅದನ್ನು ಎಷ್ಟು ವರ್ಷ ಮುಚ್ಚಿಟ್ಟಿದ್ದೀ ಎಂದು ಗೊತ್ತಿದ್ದೂ, ನಿನ್ನನ್ನು ಕೇಳದೆ ಹೇಳಿಬಿಟ್ಟೆ.

ಮೊದಲ ದಿನ ಇಲ್ಲೇ ಲಿಂಗಸುಗೂರಿನಲ್ಲಿ ಎಲ್ಲವನ್ನೂ ಇದ್ದ ಹಾಗೇ ಹೇಳಿದೆ. ಅಪ್ಪ ತೀರಿದ ಮೇಲೆ ನೀನು ಒಲೆಯ ಮುಂದೆ ಬಿದ್ದು ಕೈ ಸುಟ್ಟುಕೊಂಡದ್ದು, ಸಭೆಯವರು ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿದ್ದು, ರಾಯಚೂರಿನ ಡಾಕ್ಟರು ಬರೆದುಕೊಟ್ಟ ಗುಳಿಗೆಯನ್ನು ನೀನು ಒಂದು ದಿನವೂ ತಪ್ಪಿಸದೆ ತಿಂದದ್ದು, ಆರು ವರ್ಷದಿಂದ ಫಿಟ್ಸ್ ಒಮ್ಮೆಯೂ ಬರದೆ ಇರುವುದು. ಜನ ಸುಮ್ಮನೆ ಕುಳಿತಿದ್ದರು. ಒಬ್ಬ ಅಜ್ಜ ಆಕಳಿಸಿದ.

ಗಾಡಿಯಲ್ಲಿ ಜೀವನ್ ಅಣ್ಣ ನಗುತ್ತಲೇ ಹೇಳಿದ, "ಛಲೋ ಹೇಳಿದಿ ತಂಗಿ. ಆದ್ರ ನಡುವ ಆ ಡಾಕ್ಟ್ರು, ಗುಳಿಗಿ ಯಾಕ ತಂದಿ? ಮಹಿಮಾ ದೇವ್ರಿಗೆ ಹೋಗ್ಬೇಕೋ, ಮೆಡಿಕಲ್ ಶಾಪಿಗೋ?" ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಸ್ಕಿಯಲ್ಲಿ ಅಶೋಕನ ಶಾಸನ ನೋಡಿದೆವು. "ಎಲ್ಲಿ, ಓದಿ ತೋರ್ಸು ಬೇ, ಇಂಗ್ಲಿಷ್ ಮೀಡಿಯಂ" ಎಂದು ಅಂಬಿಕಾ ಕಾಡಿಸಿದಳು. ಸಂಜೆ ಪ್ರಾರ್ಥನೆಯಲ್ಲಿ ಗುಳಿಗೆಯ ಮಾತು ಬಿಟ್ಟೆ. ಒಂದೇ ಒಂದು ಸಾಲು, ಅವ್ವ. ಉಳಿದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೆಂಗಸರು ಅತ್ತರು, "ಸ್ತೋತ್ರ, ಸ್ತೋತ್ರ" ಎಂದರು, ಮುದುಕಿಯೊಬ್ಬಳು ನನ್ನ ತಲೆಯ ಮೇಲೆ ಕೈಯಿಟ್ಟಳು. ನನ್ನ ಮೈ ಜುಮ್ಮೆಂದಿತು. ಪವಿತ್ರಾತ್ಮನೇ ಬಂದ ಎಂದುಕೊಂಡೆ. ಹೊಗಳಿಕೆಗೂ ಮೈ ಹಾಗೇ ಜುಮ್ಮೆನ್ನುತ್ತದೆ ಎಂದು ಗೊತ್ತಿರಲಿಲ್ಲ.

ಭಾನುವಾರ ಸಿಂಧನೂರು ದಾಟಿ ಗೊರೇಬಾಳಕ್ಕೆ ಹೋದೆವು. ಒಬ್ಬರ ಮನೆಯ ಅಂಗಳದಲ್ಲಿ ಕೂಟ. ಜೀವನ್ ಅಣ್ಣ ನನ್ನನ್ನೇ ಎಬ್ಬಿಸಿದ, ಮೊಬೈಲಿನಲ್ಲಿ ವಿಡಿಯೊ ಹಿಡಿದ. ಮಸ್ಕಿಯಲ್ಲಿ ಹೇಳಿದ ಹಾಗೇ ಹೇಳಿದೆ. ಮುಗಿದ ಮೇಲೆ ಪೀರಮ್ಮ ಎಂಬಾಕೆ ಬಂದು ನನ್ನ ಕೈ ಹಿಡಿದಳು. ನಿನ್ನ ವಯಸ್ಸೇ. ಗದ್ದೆ ಕೂಲಿಗೆ ಹೋಗುವವಳು, ಬೆರಳ ಸಂದಿಯೆಲ್ಲ ಬಿರಿದಿತ್ತು.

"ನನಗೂ ಇದೇ ಬ್ಯಾನಿ ಐತವ್ವಾ. ಇಪ್ಪತ್ತು ವರ್ಷ ಆತು, ಗುಳಿಗಿ ನುಂಗಾಕತ್ತೀನಿ."

ಪಕ್ಕದಲ್ಲಿದ್ದ ಮಗಳು ಕನಕಮ್ಮ, "ಎಲ್ಲಿ ನುಂಗ್ತಾಳ್ರೀ ಅಕ್ಕಾರ, ದಿನಾ ನಾನು ಬೆನ್ನು ಹತ್ಬೇಕು, ಕೂಸಿನಂಗ ಮಾಡ್ತಾಳ" ಎಂದಳು.

"ಬೆನ್ನು ಹತ್ತಿ ಬೈತಿಯಲ್ಲ, ಅದನ್ನೂ ಹೇಳು ಅವರ ಮುಂದ" ಎಂದಳು ಪೀರಮ್ಮ. ಮೂವರೂ ನಕ್ಕೆವು. ನಾನು ಅವಳಿಗಾಗಿ ಪ್ರಾರ್ಥನೆ ಮಾಡಿದೆ.

ಟ್ರಿಪ್ ಮುಗಿದಾಗ ಎಲ್ಲರೂ 'ನಾನು ಕಲಿತದ್ದು' ಎಂದು ಚೀಟಿ ಬರೆದೆವು. ನಾನು 'ಧೈರ್ಯ' ಎಂದು ಬರೆದೆ.

ಎಂಟು ದಿನಕ್ಕೆ ಜುಲ್ಫಿಕರ್ ಅಣ್ಣ ಅಂಬಿಕಾಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದಳು. "ಆ ಪೀರಮ್ಮ ತೀರಿಕೊಂಡ್ಲವ್ವಾ. ಬಟ್ಟಿ ಒಗಿಯಾಕ ಕಾಲುವಿಗೆ ಹೋಗ್ಯಾಳ, ಅಲ್ಲೇ ಫಿಟ್ಸ್ ಬಂದು ನೀರಾಗ ಬಿದ್ದಾಳ. ಹೆಣ ಮುಂದಿನ ತೂಬಿನತನಕ ಹೋಗಿತ್ತು. ನಿಮ್ಮ ಮೀಟಿಂಗ್ ಆದ ದಿನದಿಂದ ಗುಳಿಗಿ ಬಂದ್ ಮಾಡಿದ್ಲಂತ."

ಅಳುತ್ತ ಜೀವನ್ ಅಣ್ಣನ ಬಳಿ ಹೋದೆ. "ಕರ್ತ ಕರ್ಕೊಂಡಾನ, ನಂಬಿಕಿಯೊಳಗ ಹೋಗ್ಯಾಳ. ನೀ ಯಾಕ ಟೆನ್ಷನ್ ಮಾಡ್ಕೋತಿ? ಸುಳ್ಳೇನರ ಹೇಳಿದಿ?" ಎಂದ. ವಿಡಿಯೊ ಅಳಿಸು ಎಂದೆ. "ಎಷ್ಟು ಮಂದಿಗೆ ಆಶೀರ್ವಾದ ಆಗೇದ, ಗೊತ್ತೇನು?" ಎಂದ. ಅದು ಇನ್ನೂ ಗ್ರೂಪಿನಿಂದ ಗ್ರೂಪಿಗೆ ಹೋಗುತ್ತಿದೆ. ಯಾವ ಊರಲ್ಲಿ ಯಾರು ನೋಡುತ್ತಿದ್ದಾರೋ! ಜೀವನ್ ಅಣ್ಣ ಕೆಟ್ಟವನಲ್ಲ ಅವ್ವ, ಮನಸಾರೆ ನಂಬಿದ್ದಾನೆ. ನನಗೆ ಹೆಚ್ಚು ಭಯ ಅದರದೇ.

ನೀನು ಪ್ರಾರ್ಥನೆ ಮುಗಿಸಿ "ಆಮೆನ್" ಎಂದು ಗುಳಿಗೆ ನುಂಗಿ ನೀರು ಕುಡಿಯುತ್ತಿದ್ದೆ. ಎರಡಕ್ಕೂ ನಮ್ಮ ಮನೆಯಲ್ಲಿ ಯಾವತ್ತೂ ಜಗಳ ಇರಲಿಲ್ಲ. ಜಗಳ ಹಚ್ಚಿದವಳು ನಾನು.

ಶನಿವಾರ ಗೊರೇಬಾಳಕ್ಕೆ ಹೋಗುತ್ತೇನೆ. "ಬೈದ್ರ ಇಬ್ರೂ ಬೈಸ್ಕೊಳ್ಳೋಣು, ನಡಿ" ಎಂದಿದ್ದಾಳೆ ಅಂಬಿಕಾ. ನಮ್ಮವ್ವ ಇವತ್ತೂ ಗುಳಿಗೆ ತಿನ್ನುತ್ತಾಳೆ ಎಂದು ಕನಕಮ್ಮನ ಮುಂದೆ ನಿಂತು ಹೇಳಬೇಕು. ಅದನ್ನೇ ವಿಡಿಯೊ ಮಾಡಿ ಎಲ್ಲ ಗ್ರೂಪಿಗೂ ಹಾಕಬೇಕು. ನಿನ್ನ ರೋಗ ಮತ್ತೆ ನಾಲ್ಕು ಜನರ ಬಾಯಿಗೆ ಬೀಳುತ್ತದೆ. ಈ ಸಲ ಕೇಳಿಯೇ ಹೇಳುತ್ತೇನೆ. ಹೇಳಲೇನವ್ವ?

ದೇವರು ನಿನ್ನನ್ನು ಕಾಯಲಿ. ನನ್ನನ್ನು ಆಶೀರ್ವದಿಸು ಎನ್ನಲು ಬಾಯಿ ಬರುತ್ತಿಲ್ಲ. ನಿನಗೆ ಮನಸ್ಸಾದ ದಿನ ಆಶೀರ್ವದಿಸು.

ನಿನ್ನ ಮಗಳು,
ಶಲೋಮಿ

ತಾ.ಕ.: ಸುಳ್ಳು ಹೇಳಲಿಲ್ಲ ಎಂದು ಬರೆದದ್ದು ಮಸ್ಕಿಯ ಮಟ್ಟಿಗೆ ನಿಜ. ಗೊರೇಬಾಳದಲ್ಲಿ ಗಾಡಿ ಹತ್ತುವಾಗ ಪೀರಮ್ಮ ಮತ್ತೆ ಓಡಿ ಬಂದಳು. "ಖರೇ ಹೇಳವ್ವಾ, ನಿಮ್ಮವ್ವ ಈಗ ಗುಳಿಗಿ ತಗೊಳ್ಳಂಗಿಲ್ಲ, ಹೌದಲ್ಲೊ?" ಎಂದಳು. ಒಳಗಿನಿಂದ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಇಲ್ಲಮ್ಮ" ಎಂದೆ. ಕನಕಮ್ಮ ನಂಬಲಿಲ್ಲ. ನನ್ನ ತೋಳು ಹಿಡಿದು, "ಒಂದೂ ಇಲ್ಲೇನ್ರೀ ಅಕ್ಕಾರ?" ಎಂದು ಕೇಳಿದಳು.

"ಒಂದೂ ಇಲ್ಲ" ಎಂದೆ.